ಬ್ಯಾಕಪ್ಪಿಗೆ ನೀರು ಹಾಕಿಸಿದ ಕಚೇರಿಗೆ

ಮಾನ್ಯ ದಾಖಲೆ ಅಧಿಕಾರಿಗಳೇ,

ನೀವು ದಾಖಲೆಗಳ ಪ್ರತಿ ತೆಗೆದಿಡುವ ಎರಡು ಸಾಫ್ಟ್‌ವೇರ್‌ಗಳ ನಡುವೆ ಆರಿಸಲಾಗದೆ ಕುಳಿತಿದ್ದೀರಿ. ಅದರಿಂದಾಗಿ ನವನಗರದ ಒಬ್ಬ ಹೆಣ್ಣುಮಗಳು ತಾನು ಮುಳುಗಡೆಯ ಮನೆಯವಳೆಂದು ತೋರಿಸಲಾರದೆ ನಿಂತಿದ್ದಾಳೆ. ಶುಕ್ರವಾರದೊಳಗೆ ಆಕೆಯ ಅರ್ಜಿಯ ಜೊತೆ ನಿಮ್ಮ ಪ್ರಮಾಣಪತ್ರ ಹೋಗದಿದ್ದರೆ ಮುಳುಗಡೆಯವರಿಗೆ ಮೀಸಲಾದ ಶಿಕ್ಷಕಿಯ ಹುದ್ದೆ ತಪ್ಪುತ್ತದೆ. ಮುಂದಿನ ಸಲಕ್ಕೆ ವಯಸ್ಸು ಮೀರಿರುತ್ತದೆ.

ಆಕೆ ಫರಹಾನಾ, ನನ್ನ ಪಕ್ಕದ ಮನೆಯವಳು. ನಾನು ಪಾಲಿಟೆಕ್ನಿಕ್‌ನಲ್ಲಿ ಡೇಟಾಬೇಸ್ ಕಲಿಸುವವನಾದ್ದರಿಂದ ಆಕೆ ಮತ್ತು ತಾಯಿ ಅಮೀನಬಿ ನನ್ನನ್ನೂ ನಿಮ್ಮ ಕಚೇರಿಗೆ ಕರೆತಂದರು. ಹಳೆ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿದ್ದ ಅವರ ಮನೆ ಅಣೆಕಟ್ಟಿನ ಹಿನ್ನೀರಿನಡಿ ಇದೆ. ಅದರ ಕಾಗದಗಳನ್ನು ಗೆದ್ದಲು ತಿಂದಿದೆ. ಉಳಿದಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಫರಹಾನಾಳ ಅಜ್ಜನ ಹೆಸರಲ್ಲಿದ್ದ ಒಂದು ಸಾಲು. ಕಳೆದ ತಿಂಗಳು ಆ ಡಿಸ್ಕ್ ಕೆಟ್ಟಿತು.

"ಬ್ಯಾಕಪ್ ಐತೇನ್ರಿ?" ಎಂದು ಗುಮಾಸ್ತ ಬೀರೇಶನನ್ನು ಕೇಳಿದೆ.

"ಐತ್ರಿ ಸರ್, ಮೂರ್ ತಾಸಿಂದು! ಮೊನ್ನೇರ ನೀರ್ ಹಾಕಿಸೀನಿ."

ನಾನು ಕೇಳಿದ್ದು ದಾಖಲೆಯ ಇನ್ನೊಂದು ಪ್ರತಿಯನ್ನು. ಅವನು ತೋರಿಸಿದ್ದು ಮೇಜಿನಡಿಯ ಇನ್ವರ್ಟರ್ ಬ್ಯಾಟರಿಯನ್ನು. ಅವನ ತಪ್ಪೇನೂ ಇಲ್ಲ. ಕರೆಂಟು ಹೋದಾಗ ಫ್ಯಾನು ತಿರುಗಿಸುವುದನ್ನೇ ನಮ್ಮ ಕಡೆ ಬ್ಯಾಕಪ್ ಎನ್ನುತ್ತೇವೆ.

ಅಮೀನಬಿ ಸುಮ್ಮನಿರಲಿಲ್ಲ. "ನೀರ್ ಹಾಕೂದು ಈ ಆಫೀಸಿಗೆ ಯಾರೂ ಕಲಸಬೇಕಾಗಿಲ್ಲ ಬಿಡಪಾ. ಆವಾಗ ಬ್ಯಾಕ್‌ವಾಟರ್ ಬಂದು ಮನಿ ಹೋತು. ಈಗ ಬ್ಯಾಕಪ್ ಬಂದು ಮನಿ ಹೆಸರೂ ಹೋತು."

ಬೀರೇಶ ನಕ್ಕ. ಫರಹಾನಾಳ ಮುಖ ನೋಡಿ ನಿಲ್ಲಿಸಿದ.

"ಬ್ಯಾಕಪ್ ಇದೆಯೇ?" ಎಂಬ ಮೇಲಿನವರ ಪ್ರಶ್ನೆಗೆ ನಿಮ್ಮ ಕಚೇರಿ ಪ್ರತಿ ವರ್ಷ "ಇದೆ, ಸುಸ್ಥಿತಿಯಲ್ಲಿದೆ" ಎಂದು ಬರೆದು ಕಳಿಸುತ್ತದಂತೆ. ಸುಳ್ಳಲ್ಲ. ಕರೆಂಟು ಹೋದರೂ ಆ ಸತ್ತ ಕಂಪ್ಯೂಟರಿನ ದೀಪ ಮೂರು ತಾಸು ಉರಿಯುತ್ತದೆ. ಇಷ್ಟು ನಿಷ್ಠೆ ಯಾವ ಇಲಾಖೆಯಲ್ಲಿದೆ?

ಆಮೇಲೆ ನಿಮ್ಮ ಕೋಣೆಯಲ್ಲಿ ನೀವೇ ವಿವರಿಸಿದಿರಿ. ಮೊದಲು ಡೇಟಾಬೇಸಿನೊಳಗೇ ಇರುವ ಸೌಲಭ್ಯದಿಂದ ವಾರಕ್ಕೊಮ್ಮೆ ಪ್ರತಿ ತೆಗೆಯುತ್ತಿದ್ದರು. ಹೋದ ವರ್ಷ ಹೊರಗಿನ ಕಂಪನಿಯೊಂದು ತನ್ನ ಉಪಕರಣ ಉತ್ತಮವೆಂದು ತೋರಿಸಿತು. ಯಾವುದು ಮೇಲೆಂದು ಹೇಳಲು ಸಮಿತಿ ನೇಮಿಸಿದಿರಿ. ಅದರ ತೀರ್ಮಾನದ ಮೇಲೆ ಪ್ರಭಾವ ಬೀಳಬಾರದೆಂದು ಅಲ್ಲಿಯವರೆಗೆ ಎರಡನ್ನೂ ನಿಲ್ಲಿಸಿದಿರಿ! ಕಂಪನಿ ಪ್ರಯೋಗಕ್ಕೆಂದು ತೆಗೆದ ಪ್ರತಿಯು ಅವರ ಪರವಾನಗಿ ಇಲ್ಲದೆ ತೆರೆಯುವುದಿಲ್ಲ. ಒಳಗಿನ ಸೌಲಭ್ಯದಿಂದ ತೆಗೆದ ಕೊನೆಯ ಪ್ರತಿ ನಿಮ್ಮ ಕಪಾಟಿನ ಡಿಸ್ಕಿನಲ್ಲಿದೆ.

"ಅದನ್ನ ತಗೀರಲ್ರಿ" ಎಂದೆ.

"ಅದರಿಂದ ತಗದ್ರ ಅದನ್ನ ಆರಿಸಿದಂಗ ಆಗ್ತೈತ್ರಿ. ನಾಳಿ ಆಡಿಟ್‌ನ್ಯಾಗ ಕೇಳಿದ್ರ?"

"ಹಂಗಾರ ಪರವಾನಗಿ ತಗೊಂಡು ಕಂಪನೀದು ತಗೀರಿ."

"ಅದೂ ಹಂಗ ಆಗ್ತೈತ್ರಿ ಸರ್."

ನಿಮ್ಮ ದನಿಯಲ್ಲಿ ಅಹಂಕಾರವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದು ಹೊರಗೆ ಬರಬಹುದಿತ್ತು. ನೀವೂ ಒಳಗೆ ಸಿಕ್ಕಿಬಿದ್ದವರೇ. ಕಪಾಟು ನಿಮ್ಮ ಬೆನ್ನಿಗೆ ತಾಗಿಕೊಂಡಿತ್ತು. ನಾವು ಮೂವರೂ ಅದನ್ನು ನೋಡುತ್ತ ಕುಳಿತಿದ್ದೆವು, ಅದರ ಕೀಲಿಕೈ ಬೇರೆ ಯಾವುದೋ ಊರಿನಲ್ಲಿದೆ ಎನ್ನುವ ಹಾಗೆ. ಅದು ನಿಮ್ಮ ಜೇಬಿನಲ್ಲೇ ಇತ್ತು.

ನಾನು ಯಾವ ಕಡೆಯವನೂ ಅಲ್ಲ. ಹೊರಗಿನ ಉಪಕರಣ ಹಲವು ಡೇಟಾಬೇಸುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುತ್ತದೆ, ಪ್ರತಿ ತಪ್ಪಿದರೆ ಎಚ್ಚರಿಸುತ್ತದೆ. ಆದರೆ ತೆರೆಯಲು ಮತ್ತೆ ಅದೇ ಬೇಕು. ಒಳಗಿನದಕ್ಕೆ ಯಾರ ಹಂಗೂ ಇಲ್ಲ. ಆದರೆ ಪ್ರತಿ ಬಂದಿದೆಯೇ ಎಂದು ಯಾರಾದರೂ ನೆನಪಿಟ್ಟು ನೋಡಬೇಕು. ಸಾವಕಾಶ ಆರಿಸಿ. ಆದರೆ ಕಪಾಟಿನಲ್ಲಿರುವ ಪ್ರತಿಯು ಒಂದು ವರ್ಷ ಹಳೆಯದು, ನಂಬಲಾಗದು ಎಂದಿರಲ್ಲ? ಈ ಒಂದು ವರ್ಷದಲ್ಲಿ ಕಿಲ್ಲಾದಲ್ಲಿ ಯಾರು ಮನೆ ಕಟ್ಟಿದರು, ಮಾನ್ಯರೇ? ಯಾರು ಗೋಡೆ ಸರಿಸಿದರು? ಯಾವ ಅಣ್ಣತಮ್ಮಂದಿರು ಅಂಗಳ ಪಾಲು ಮಾಡಿಕೊಂಡರು? ಮುಳುಗಿದ್ದಕ್ಕೆ ಬದಲಾಗಿ ಕೊಟ್ಟ ನವನಗರದ ಸೈಟುಗಳು ಕೈ ಬದಲಾಗಿರಬಹುದು, ಆ ಸಾಲುಗಳು ತಪ್ಪಿರಬಹುದು. ನೀರಿನಡಿಯ ಊರು ಮಾತ್ರ ನಿಮ್ಮ ಪ್ರತಿಯಲ್ಲಿ ಹೇಗಿತ್ತೋ ಹಾಗೆಯೇ ಇದೆ. ಇಷ್ಟು ಸ್ಥಿರವಾದ ದಾಖಲೆ ಯಾವ ಕಚೇರಿಗೂ ಸಿಕ್ಕಿರಲಾರದು.

ಆದ್ದರಿಂದ ನಾಳೆಯೇ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿಸಿ, ಆ ಪ್ರತಿಯನ್ನು ತೆರೆಸಿ, ಫರಹಾನಾಳ ಅಜ್ಜನ ಮನೆಯ ಸಾಲು ನೋಡಿ ಸಹಿ ಮಾಡಿ. ಆಡಿಟ್‌ನವರು ಕೇಳಿದರೆ ಈ ಪತ್ರ ತೋರಿಸಿ. ಸಮಿತಿ ಏಳುವವರೆಗೆ ಒಳಗಿನ ಸೌಲಭ್ಯವನ್ನಾದರೂ ಓಡಲು ಬಿಡಿ. ತಿಂಗಳಿಗೊಮ್ಮೆ ಪ್ರತಿಯನ್ನು ನಿಜವಾಗಿ ತೆರೆದು ನೋಡಿ. ತೆರೆಯದ ಪ್ರತಿಯನ್ನು ಪ್ರತಿ ಎನ್ನುವುದು ಬ್ಯಾಟರಿಯನ್ನು ಬ್ಯಾಕಪ್ ಎಂದಷ್ಟೇ ಖರೆ.

ಮೆಟ್ಟಿಲಿಳಿಯುವಾಗ ಫರಹಾನಾ ಹೇಳಿದಳು: "ಬ್ಯಾಸಗ್ಯಾಗ ನೀರ್ ಇಳೀತಂದ್ರ ನಮ್ಮನಿ ಹೊಸ್ತಿಲಗಲ್ಲು ಕಾಣ್ತೈತ್ರಿ ಸರ್. ಸಾಹೇಬ್ರನ್ನ ಕರಕೊಂಡ್ ಹೋಗಿ ತೋರಸ್ತಿದ್ದೆ. ಆದ್ರ ಶುಕ್ರವಾರದೊಳಗ ನೀರ್ ಇಳಿಯಂಗಿಲ್ಲಲ್ರಿ."

ಇಂತಿ,
ನಿಮ್ಮ ಕಪಾಟಿನ ಮುಂದಿನಿಂದ ಇನ್ನೂ ಎದ್ದು ಬರಲಾಗದ,
ಶಿವಪ್ರಕಾಶ
ನವನಗರ, ಬಾಗಲಕೋಟೆ