ಸುಣ್ಣದ ಗೂಡಿನ ಹಿಂದೆ

ಅಕ್ಟೋಬರ್ 9, 2007. ಮಂಗಳವಾರ

ಮತ್ತೆ ಯೆನ್ ದೋ. ಹನೋಯ್‌ನಿಂದ ಬಸ್ಸಿನಲ್ಲಿ ಎರಡೂವರೆ ತಾಸು. ಕೈಕಾಗದ ಮಾಡುವ ಈ ಊರಿನ ಬಗ್ಗೆ ಪತ್ರಿಕೆಗೆ ನಾಲ್ಕು ಕಂತು ಒಪ್ಪಿಕೊಂಡಿದ್ದೇನೆ. ತೊಗಟೆ ಕುದಿಸುವುದು, ಕುಟ್ಟುವುದು... ಎರಡು ಕಂತಿನಲ್ಲೇ ಸರಕು ಮುಗಿಯಿತು.

ಸೈಕಲ್ ರಿಪೇರಿಯ ಖಾಯ್, ಊರಿಗೆಲ್ಲ ಚಿಕ್ಕಪ್ಪ, ಮೂರು ಸಲ ಹೋದರೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ತಾವೇ ಸ್ಟೂಲ್ ಎಳೆದರು. ಅವರಪ್ಪ ಊರಿನ ಪಂಡಿತರಂತೆ. ನಾಡಿ ನೋಡಿ ಬೇರು-ನಾರು ಕೊಡುವವರು. ಒಂದಿಷ್ಟು ಗದ್ದೆಯೂ ಇತ್ತು. ಐವತ್ತೈದರ ಭೂಸುಧಾರಣೆಯಲ್ಲಿ ಸರ್ಕಾರದ ತಂಡದವರು ಜಮೀನ್ದಾರನೆಂದು ಊರ ಮುಂದೆ ನಿಲ್ಲಿಸಿದರು. ಮರುದಿನ ಗುಂಡು. ಮುಂದಿನ ವರ್ಷ, ತಪ್ಪಾಯಿತು ಎಂದು ಸರ್ಕಾರದಿಂದ ಒಂದು ಕಾಗದ ಬಂತು. ಹೂತ ಜಾಗ ಮಾತ್ರ ಯಾರೂ ಹೇಳಲಿಲ್ಲ.

ಎಲ್ಲರೆದುರು ದೂರು ಹೇಳಿದವಳು ಮನೆಯಲ್ಲೇ ಬೆಳೆದ ಹುಡುಗಿ. ಬರಗಾಲದ ವರ್ಷ ರಸ್ತೆಬದಿಯಿಂದ ಪಂಡಿತರೇ ಎತ್ತಿ ತಂದವಳು. ಹೆಸರು ಲುವಾ.

ನನ್ನ ಅಮ್ಮನ ಹೆಸರೂ ಅದೇ. ಎಷ್ಟೋ ಜನರದ್ದು ಅದೇ ಎಂದುಕೊಂಡೆ.

ಚಿಕ್ಕಪ್ಪ ಫೋಟೊ ತಂದರು. ಪಂಡಿತರು, ಹೆಂಡತಿ, ಪಕ್ಕದಲ್ಲಿ ಸೊಂಟದ ಮೇಲೆ ಮಗು ಹೊತ್ತ ಹುಡುಗಿ. ಮಗು ಖಾಯ್. ಹುಡುಗಿಯ ಮುಖ ನನ್ನದು.

"ನೀನು ಮೊದಲ್ನೇ ದಿನ ಬಾಗ್ಲಲ್ಲಿ ನಿಂತಾಗ್ಲೇ ಗೊತ್ತಾಯ್ತು ಕಣಮ್ಮ ಮಿಯೆನ್. ಅವಳು ಇದ್ದಾಳಾ?"

ಟೇಪ್ ರೆಕಾರ್ಡರ್ ನಿಲ್ಲಿಸಿದೆ. ಈ ಕೆಲಸಕ್ಕೆ ಬಂದ ಮೇಲೆ ಮೊದಲ ಸಲ. ಇದ್ದಾರೆ ಎಂದೆ.

"ಅಪ್ಪನ್ನ ಎಲ್ಲಿ ಹೂತ್ರು, ಕೇಳು. ನಂಗೆ ಬೇರೇನೂ ಬೇಡ."

ಅಕ್ಟೋಬರ್ 10

ಕೇಳಲಿಲ್ಲ. ತನ್ನೂರು ಸಮುದ್ರದ ಕಡೆ, ಬರಗಾಲದಲ್ಲಿ ಮನೆಮಂದಿಯೆಲ್ಲ ಹೋದರು... ಅಮ್ಮ ಇಷ್ಟೇ ಹೇಳಿಕೊಂಡು ಬಂದವಳು. ಇವತ್ತು ಸೊಪ್ಪು ಬಿಡಿಸುತ್ತ, ಕಾಗದ ಮಾಡೋರ ಹಿಂದೆ ಅಲೆದು ನೀನೇ ಕಾಗದವಾಗಿದ್ದೀಯ, ಉಣ್ಣು ಎಂದಳು. ಉಂಡೆ.

ಅಕ್ಟೋಬರ್ 13

ಸಂಪಾದಕರಿಗೆ ಸುಳಿವು ಕೊಟ್ಟೆ, ಹೆಸರು ಬಿಟ್ಟು. "ಕಾಗದದ ಬಗ್ಗೆ ಬರಿ ಅಂದೆ, ಅದರ ಮೇಲೆ ಬರೆದಿದ್ದರ ಬಗ್ಗೆ ಅಲ್ಲ" ಎಂದರು.

ಒಳಗೊಳಗೇ ಸಮಾಧಾನವಾಯಿತು. ನಾಚಿಕೆ. ಎಷ್ಟು ಅಜ್ಜಿಯರ ಮುಂದೆ ಟೇಪ್ ಇಟ್ಟು, "ಹೇಳಿಬಿಡಿ, ಹಗುರಾಗುತ್ತೆ" ಎಂದಿದ್ದೇನೆ. ಎಷ್ಟು ಸಲೀಸಾಗಿ.

ನವೆಂಬರ್ 2. ಮಧ್ಯಾಹ್ನ

ಕೇಳಿದೆ. ಫೋಟೊದ ಪ್ರತಿ ಮೇಜಿನ ಮೇಲಿಟ್ಟೆ, ಅಷ್ಟೇ.

ಅಮ್ಮ ಕನ್ನಡಕ ಹುಡುಕಲಿಲ್ಲ. ಬೆರಳಿನಿಂದ ಮಗುವಿನ ಮುಖ ಮುಟ್ಟಿದಳು. ಇವನು ಬದುಕಿದ್ದಾನಾ ಎಂದಳು. ಆಮೇಲೆ ತಾನಾಗಿಯೇ ಹೇಳಿದಳು. ಕಲಿಸಿದ್ದು ಹೊರಗಿನಿಂದ ಬಂದ ಆ ತಂಡದವರಂತೆ. ಅವಳಿಗೆ ಹದಿನೇಳು.

"ಮೂರು ದಿನ ಹೇಳ್ಕೊಟ್ರು. ಹೊಡೆದ, ಉಪವಾಸ ಕೆಡವಿದ, ಹೀಗೇ ಹೇಳ್ಬೇಕು ಅಂತ. ಹೇಳದಿದ್ರೆ ನೀನೂ ಜಮೀನ್ದಾರನ ಮಗಳೇ ಅಂದ್ರು. ಅದಿರ್ಲಿ. ನಾನು ಚೆನ್ನಾಗಿ ಹೇಳ್ದೆ ಕಣೆ. ಎಲ್ಲಾ ಚಪ್ಪಾಳೆ ತಟ್ಟಿದ್ರು. ಆ ಗಳಿಗೇಲಿ ಖುಷಿಯಾಯ್ತು ನಂಗೆ. ಬರೆಯೋದಾದ್ರೆ ಅದನ್ನ ಬರಿ."

ಹೂತ ಜಾಗ ಕೇಳಿದೆ. ಹೆಣ ಎಳೆದುಕೊಂಡು ಹೋಗುವವರ ಹಿಂದೆ ದೂರದಿಂದ ಹೋಗಿದ್ದಳಂತೆ. ಹಳೇ ಸುಣ್ಣದ ಗೂಡಿನ ಹಿಂದೆ, ಕೆರೆಯ ಕಡೆಗೆ ಹನ್ನೆರಡು ಹೆಜ್ಜೆ.

ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ನವೆಂಬರ್ 27

ಬರೆಯಲಿಲ್ಲ ಇಷ್ಟು ದಿನ. ಅಮ್ಮನೂ ನಾನೂ ಊಟಕ್ಕೆ ಬೇಕಾದಷ್ಟೇ ಮಾತು. ಖಾಯ್ ಚಿಕ್ಕಪ್ಪನಿಗೆ ಫೋನಿನಲ್ಲಿ ಜಾಗ ಹೇಳಿದೆ. ಗೂಡು ಈಗಿಲ್ಲ, ಕೆರೆಯೂ ಅರ್ಧ ಮುಚ್ಚಿದೆ, ಅವಳೇ ಬಂದು ತೋರಿಸಬೇಕು ಎಂದರು. ಅಮ್ಮನಿಗೆ ಹೇಳುವ ಧೈರ್ಯವಾಗದೆ ಚೀಟಿ ಬರೆದಿಟ್ಟೆ. ಮೂವತ್ತೆಂಟು ವರ್ಷದವಳು, ಚೀಟಿ!

ಇವತ್ತು ಅಮ್ಮ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಡಿಸೆಂಬರ್ 7. ಸಂಜೆ, ಯೆನ್ ದೋ

ಐವತ್ತೆರಡು ವರ್ಷದ ಮೇಲೆ ಎದುರುಬದುರು. ಅಮ್ಮ ಕೈಮುಗಿಯಲು ಹೋದಳು. ಖಾಯ್ ತಡೆದರು.

"ಕ್ಷಮೆ ಕೇಳ್ಬೇಡಿ. ಅದು ನನ್ನ ಹತ್ರ ಇಲ್ಲ. ಜಾಗ ತೋರ್ಸಿ, ಸಾಕು."

ಅಮ್ಮ ತೋರಿಸಿದಳು. ಎರಡು ಸಲ ತಪ್ಪಿದಳು. ಮೂರನೇ ಸಲ ಹಳೇ ಇಟ್ಟಿಗೆಯ ಬುಡ ಸಿಕ್ಕಿತು. ಅಲ್ಲಿಂದ ಹೆಜ್ಜೆ ಎಣಿಸಿದಳು.

ಡಿಸೆಂಬರ್ 8. ಬೆಳಿಗ್ಗೆ 6

ಅಗೆತ ಶುರು. ಮೂಳೆಗೆ ಬಿಸಿಲು ಬೀಳಬಾರದೆಂದು ಮೇಲೆ ಟಾರ್ಪಾಲು ಕಟ್ಟಿದ್ದಾರೆ. ಊದುಬತ್ತಿ. ಮೊಣಕಾಲಾಳ ಅಗೆದರೂ ಏನಿಲ್ಲ. ಖಾಯ್ ಅವರ ಹೆಂಡತಿ, ಮುದುಕಿ ಮತ್ತೆ ಸುಳ್ಳು ಹೇಳಿದ್ಲು ಎಂದರು, ಕೇಳಿಸುವಂತೆಯೇ. ಅಮ್ಮ ತಲೆ ತಗ್ಗಿಸಿ ನಿಂತಿದ್ದಾಳೆ.

8.20

ಸಿಕ್ಕಿತು. ಅಮ್ಮ ದೂರದಿಂದಲೇ, ಎಡಗಾಲು ನೋಡಿ, ಮರದಿಂದ ಬಿದ್ದು ಮುರಿದಿತ್ತು ಎಂದಳು. ನೋಡಿದರು. ಮುರಿದು ಓರೆಯಾಗಿ ಕೂಡಿಕೊಂಡ ಮೂಳೆ. ಖಾಯ್ ಕೆಸರಿನಲ್ಲೇ ಕೂತರು.

9.10

ಸುವಾಸನೆಯ ಸೊಪ್ಪು ಕುದಿಸಿದ ನೀರು. ಪಕ್ಕದಲ್ಲಿ ಮಣ್ಣಿನ ಪುಟ್ಟ ಪೆಟ್ಟಿಗೆ. ಮನೆಯವರೇ ಮೂಳೆ ತೊಳೆದು ಅದರಲ್ಲಿಟ್ಟು ಮತ್ತೆ ಹೂಳಬೇಕು, ಇಲ್ಲಿನ ಪದ್ಧತಿ. ಅಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಖಾಯ್ ಅವರ ಹೆಂಡತಿ ಬೋಗುಣಿ ಎಳೆದುಕೊಂಡು, ಈಕೆ ಮುಟ್ಟೋದು ಬೇಡ ಎಂದರು. ಅಮ್ಮ ಹಿಂದೆ ಸರಿದಳು.

ಖಾಯ್ ಬೋಗುಣಿಯನ್ನು ನಡುವೆ ಎಳೆದಿಟ್ಟರು. ಆಮೇಲೆ ತಲೆಯೆತ್ತದೆ:

"ತಲೆ ಕಡೆ ನಾನು ತೊಳೀತೀನಿ. ನೀನು ಕಾಲಿನ ಕಡೆ ತೊಳಿ."

ಅಮ್ಮ ಕೂತಳು. ಅಲ್ಲಿ ಒಬ್ಬಳೇ ಇರಲಾರದೆ ನನ್ನ ಕಡೆ ಕೈ ಚಾಚಿದ್ದಾಳೆ. ಪೆನ್ನು ಕೆಳಗಿಡುತ್ತೇನೆ.