ತಾನೇ ಮೇಲೇರುವ ಬಾಗಿಲು

ಜನವರಿ 9, ಗುರುವಾರ

ಮೈನಸ್ ಮೂವತ್ತೊಂದು. ನಾನು ಕೆಲಸ ಮಾಡುವ ಅಂಗಡಿಯ ಟ್ರಕ್ ಎಂಜಿನ್‌ನ ಹೀಟರ್ ಪ್ಲಗ್ ಕಿತ್ತೆ (ರಾತ್ರಿ ಅದಿಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟೇ ಆಗದು), ಗ್ಯಾರೇಜಿನಿಂದ ಹೊರಗೆ ತಂದೆ, ಬಾಗಿಲಿನ ರಿಮೋಟ್ ಒತ್ತಿ ಹೊರಟೆ. ಎಂದಿನ ಹಾಗೆ. ಹನ್ನೊಂದರ ಹೊತ್ತಿಗೆ ಟೈರ್ ಅಂಗಡಿಗೆ ಅಕ್ಕನ ಫೋನ್.

"ಗ್ಯಾರೇಜ್ ಬಾಗಿಲು ಮತ್ತೆ ತೆರೆದೇ ಬಿಟ್ಟು ಹೋಗಿದ್ದೀಯ, ಎಮೆಟ್. ಅಡುಗೆಮನೆ ನಲ್ಲೀಲಿ ನೀರೇ ಬರ್ತಿಲ್ಲ."

ಒತ್ತಿದ್ದು ಗೊತ್ತು. ಬಾಗಿಲು ಇಳಿಯಲು ಶುರುವಾದದ್ದೂ ಕಂಡೆ. ಆಮೇಲೆ ನೋಡಲಿಲ್ಲ — ರೆಜೈನಾದ ಚಳಿಯಲ್ಲಿ ಯಾರು ನಿಂತು ನೋಡುತ್ತಾರೆ? ಹಿಂದಿನ ಗಾಜಿನ ತುಂಬ ಹಿಮ.

ಸಂಜೆ ಭಾವ ಡ್ವೇನ್ ಗ್ಯಾರೇಜಿನ ಏಣಿ ಮೇಲೆ. ಅಡುಗೆಮನೆಗೆ ಹೋಗುವ, ಹೆಪ್ಪುಗಟ್ಟಿದ ಪೈಪಿಗೆ ಅಕ್ಕನ ಹೇರ್ ಡ್ರೈಯರ್ ಹಿಡಿದಿದ್ದ.

"ಹೋದ ತಿಂಗಳು ಈ ಪೈಪ್ ಒಡೆದೇ ಹೋಗಿತ್ತು. ಇನ್ನೊಂದ್ ಸಲ ಬಾಗಿಲು ತೆರೆದಿದ್ರೆ ಮೂಸ್ ಜಾಗೆ ಹೊರಡು, ಪ್ರೊಫೆಸರ್."

ಪ್ರೊಫೆಸರ್ — ಹನ್ನೊಂದನೇ ತರಗತಿ ಬಿಟ್ಟವನಿಗೆ ಅವನಿಟ್ಟ ಹೆಸರು. ಮೂಸ್ ಜಾ ಅಂದರೆ ಅಪ್ಪ ಇರುವ ಊರು. ಅಲ್ಲಿಂದ ಈ ಕೆಲಸಕ್ಕೆ ದಿನಾ ಬರಲಾಗದು. ಅಲ್ಲಿ ಊಟಕ್ಕೆ ಮೊದಲು ಶಾಲೆಯ ಮಾತು, ಊಟವಾದ ಮೇಲೂ ಶಾಲೆಯ ಮಾತು.

"ಸಾರಿ ಅಂದ್ಬಿಡೋ," ಅಕ್ಕ ಮೆಲ್ಲಗೆ.

"ಮಾಡದೇ ಇರೋದಕ್ಕಾ, ಜೋಲೀನ್?"

"ಒಂದು ಮಾತು ಕಣೋ! ಬಾಯಿ ಸವೆಯುತ್ತಾ?"

ಅನ್ನಲಿಲ್ಲ.

ಜನವರಿ 10

ರಿಮೋಟ್ ಒತ್ತಿ, ಇಳಿದು, ನಿಂತು ನೋಡಿದೆ. ನೆಟ್ಟಗೆ ಮುಚ್ಚಿಕೊಂಡಿತು. ನಿರಾಸೆ. ಮೂಗಿನ ತುದಿ ಇನ್ನೂ ಉರಿಯುತ್ತಿದೆ.

ಜನವರಿ 13, ಸೋಮವಾರ

ಸಿಕ್ಕಿತು!

ಬಾಗಿಲು ಕೆಳಗಿಳಿದು ನೆಲ ಮುಟ್ಟಿತು. ಒಂದು ಉಸಿರಿನಷ್ಟು ತಡೆ... ಮತ್ತೆ ಮೇಲಕ್ಕೆ. ಇನ್ನೊಮ್ಮೆ ಒತ್ತಿದೆ. ಹಾಗೇ. ಒಬ್ಬನೇ ನಿಂತು ನಕ್ಕೆ. ಕೆಳಗೆ ಏನಾದರೂ ತಗುಲಿದರೆ ಮಗುವಿನ ಕಾಲೇ ಇರಬಹುದು ಅಂತ ಮೋಟರ್ ವಾಪಸ್ ಹೋಗುತ್ತದೆ. ಒಳ್ಳೆಯ ಬುದ್ಧಿ. ಆದರೆ ಈಗ ಏನು ತಗುಲಿತು?

ಮಂಡಿಯೂರಿ ನೋಡಿದೆ. ಎಡ ಮೂಲೆಯಲ್ಲಿ ಹೆಬ್ಬೆರಳು ದಪ್ಪದ ಐಸ್. ಗಾಜಿನ ಹಾಗೆ ನುಣುಪು, ತುದಿ ಮಾತ್ರ ಕಿತ್ತುಬಂದಂತೆ ಚೂಪು. ಸಲಿಕೆಯಿಂದ ಒಡೆದೆ. ಬಾಗಿಲು ಮುಚ್ಚಿಕೊಂಡಿತು.

ಹಿಮ ಹೀಗೆ ಹೊಳೆಯುವುದಿಲ್ಲ. ಇದು ನೀರು. ಗಾಡಿಯಿಂದ ತೊಟ್ಟಿಕ್ಕುವುದು ನಡುವೆ, ಮೂಲೆಗಲ್ಲ. ಮತ್ತೆ ಎಲ್ಲಿಂದ ಬಂತು?

ಜನವರಿ 14

ಬೆಳಿಗ್ಗೆ ಗ್ಯಾರೇಜಿನ ಹಲಗೆಯ ಮೇಲೆ ಅಡುಗೆಮನೆಯ ಕೆಟಲ್. ನಿನ್ನೆಯೂ ಅಲ್ಲೇ ಇತ್ತು! ಶುಕ್ರವಾರ ಒಲೆಯ ಮೇಲಿತ್ತು — ಶುಕ್ರವಾರ ಬಾಗಿಲೂ ಮುಚ್ಚಿತ್ತು.

ಡ್ವೇನ್ ಹಿಮ ತಳ್ಳುವ ಗಾಡಿ ಓಡಿಸುತ್ತಾನೆ, ಎಲ್ಲರಿಗಿಂತ ಮೊದಲು ಹೊರಡುವವನು. ರಾತ್ರಿ ಊಟಕ್ಕೆ ಕೂತಾಗ ಕೆಟಲ್ ವಿಷಯ ಅವನನ್ನು ಕೇಳಿದೆ.

"ಬಾಗಿಲಡಿ ರಬ್ಬರ್ ನೆಲಕ್ಕೆ ಅಂಟ್ಕೊಂಡಿದ್ರೆ ಕುದಿಯೋ ನೀರು ಹುಯ್ತೀನಿ. ನಮ್ಮಪ್ಪಾನೂ ಹುಯ್ತಿದ್ದ. ಏನೀಗ?"

"ನೆಲ ಎಡಕ್ಕೆ ವಾಟ. ನೀರು ಅಲ್ಲಿ ನಿಲ್ಲುತ್ತೆ. ನೀನು ಮುಚ್ಚುವಾಗ ಅದು ಇನ್ನೂ ನೀರು. ನಾನು ಮುಚ್ಚುವಾಗ ಕಲ್ಲು, ಅದು ತಗುಲಿ ಬಾಗಿಲು ವಾಪಸ್ ಏಳುತ್ತೆ."

"ಅಂದ್ರೆ, ತಪ್ಪು ನಂದು?"

"ಹೌದು."

ಮೇಜಿನಡಿ ಅಕ್ಕ ಕಾಲಿಗೆ ಒದ್ದಳು.

ಡ್ವೇನ್ ಫೋರ್ಕ್ ಕೆಳಗಿಟ್ಟ. "ಶನಿವಾರ ರಜ ಇದೆ. ನಿನ್ನೆದುರೇ ಹುಯ್ತೀನಿ. ಬಾಗಿಲು ಮುಚ್ಕೊಂಡ್ರೆ ಭಾನುವಾರ ನೀನು ಮೂಸ್ ಜಾಗೆ. ಸರೀನಾ?"

ಸರಿ ಅಂದೆ.

ಜನವರಿ 18, ಶನಿವಾರ

ರಾತ್ರಿಯೆಲ್ಲ ಪಶ್ಚಿಮದ ಗಾಳಿ. ಎದ್ದರೆ ಪ್ಲಸ್ ಎರಡು! ಪಕ್ಕದ ಮನೆಯವನು ಅಂಗಿ ತೋಳು ಮಡಚಿ ಓಡಾಡುತ್ತಿದ್ದ. ಈ ಚಳಿಗಾಲಕ್ಕೆ ಇವತ್ತೇ ಕರುಣೆ ಉಕ್ಕಬೇಕಿತ್ತೆ?

ಡ್ವೇನ್ ನೀರು ಹುಯ್ದ. ಮೂವರೂ ಮೂರು ಗಂಟೆ ಕಾದೆವು. ನೀರು ನೀರಾಗೇ ಉಳಿಯಿತು. ಡ್ವೇನ್ ಕಾಫಿ ತರಲು ಒಳಗೆ ಹೋದ, ಅಕ್ಕ ಹಿಂದೆಯೇ. ಸೂರಿನಿಂದ ಬಿದ್ದ ಐಸ್ ತುಂಡೊಂದು ನನ್ನ ಬೂಟಿನ ಹತ್ತಿರ. ಎಡ ಮೂಲೆಗೆ ಒಂದು ಒದೆ ಸಾಕಿತ್ತು...

ಒದೆಯಲಿಲ್ಲ. ಒದ್ದಿದ್ದರೆ ಗೆಲ್ಲುತ್ತಿದ್ದೆ. ಬಾಗಿಲ ವಿಷಯ ಮಾತ್ರ ಏನೂ ತಿಳಿಯುತ್ತಿರಲಿಲ್ಲ.

ಡ್ವೇನ್ ಕಾಫಿ ಹಿಡಿದು ಬಂದು ರಿಮೋಟ್ ಒತ್ತಿದ. ಬಾಗಿಲು ಬೆಣ್ಣೆಯಲ್ಲಿ ಜಾರಿದ ಹಾಗೆ ಮುಚ್ಚಿಕೊಂಡಿತು. ಡ್ವೇನ್ ಚಪ್ಪಾಳೆ ತಟ್ಟಿದ. "ಚೀಲ ಕಟ್ಟು, ಪ್ರೊಫೆಸರ್."

ಜನವರಿ 19, ಭಾನುವಾರ

ಪೆನ್ನಿನ ಶಾಯಿ ಹೆಪ್ಪುಗಟ್ಟಿದೆ. ಪೆನ್ಸಿಲ್. ಅಕ್ಕನ ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ.

ಚಳಿ ವಾಪಸ್. ಮೈನಸ್ ಇಪ್ಪತ್ತೊಂಬತ್ತು. ಹಿಮ ಬಿದ್ದಿದ್ದಕ್ಕೆ ಡ್ವೇನ್‌ನನ್ನು ಮುಂಜಾನೆಯೇ ಕೆಲಸಕ್ಕೆ ಕರೆದರು. ಕೆಟಲ್ ಹಲಗೆಯ ಮೇಲಿತ್ತು. ಕಂಡೆ. ಯಾರಿಗೂ ಹೇಳಲಿಲ್ಲ. ಮಾತು ಕೊಟ್ಟಾಗಿದೆ.

ಅಕ್ಕ ಕಾರು ಹೊರಗೆ ತಂದಳು, ರಿಮೋಟ್ ಒತ್ತಿದಳು, ಹಿಂದೆ ನೋಡದೆ ಹೊರಟಳು. ನಮ್ಮೂರಿನ ಎಲ್ಲರ ಹಾಗೆ. ತಿರುವಿನಲ್ಲಿ ತಡೆಯಲಾಗಲಿಲ್ಲ.

"ಜೋಲೀನ್, ಒಂದ್ನಿಮಿಷ ನಿಲ್ಸು."

"ಏನು ಮರೆತೆ?"

"ಏನೂ ಇಲ್ಲ. ಇಳಿದು ಹಿಂದೆ ನೋಡು."

"ಈ ಚಳೀಲಿ? ತಲೆ ಕೆಟ್ಟಿದ್ಯಾ ನಿಂಗೆ?"

ಆದರೂ ಇಳಿದಳು. ತುಂಬಾ ಹೊತ್ತು ನಿಂತಳು. ನಾನೂ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದೆ. ಬಾಗಿಲು ಪೂರಾ ಮೇಲಿದೆ. ಡ್ವೇನ್‌ನ ಹಾಕಿ ಕೋಲುಗಳು ಇಲ್ಲಿಗೇ ಕಾಣುತ್ತವೆ.

ಒಳಗೆ ಬಂದು ಕೂತಳು. ನನ್ನ ಮುಖ ನೋಡಲಿಲ್ಲ. ರಿವರ್ಸ್ ಗೇರ್ ಹಾಕಿದಳು.

ಕಾರು ಹಿಂದಕ್ಕೆ ಹೋಗುತ್ತಿದೆ, ಅಕ್ಷರ ಅಲ್ಲಾಡುತ್ತಿದೆ. ಕಾರು ಐಸ್ ತುಳಿಯುವ ಮೊದಲು ಇಳಿದು ನೋಡಬೇಕು — ಎಡ ಮೂಲೆಯಲ್ಲೇ ಇದೆಯೋ ಇಲ್ಲ ಈ ಸಲ ಬೇರೆ ಕಡೆಯೋ. ಮನೆ ಬಂತು, ಇಳಿಯುತ್ತೇನೆ.