ಪೈಲಟ್ ಹುಡುಗಿಯ ಅಮ್ಮ ಯಾರು?

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಏಣಿ ಮೇಲೆ. ಹೋದ ವಾರದ ಎಪಿಸೋಡಿನಲ್ಲಿ ಕ್ಯಾಪ್ಟನ್ ಹಿಂದಿನ ಕಾಲಕ್ಕೆ ಹೋಗಿ ಒಂದು ಮದುವೆ ಮಾಡಿಕೊಂಡು ಬಂದಿದ್ದಾನೆ, ಪುಣ್ಯಾತ್ಮ. ನೌಕೆಯ ಅಡುಗೆಯವನಿಗೆ ಈಗ ಅವನೇ ಮುತ್ತಜ್ಜ. ಗೋಡೆಯ ವಂಶವೃಕ್ಷದಲ್ಲಿ ಅರ್ಧ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಹೆತ್ತವರಿಗೆ ಕೆಂಪು, ಸಾಕಿದವರಿಗೆ ನೀಲಿ, ಕ್ಲೋನ್‌ಗಳಿಗೆ ಹಳದಿ. ಇದೇ ನನ್ನ ನೌಕರಿ — ಈ ಅಂತರಿಕ್ಷದ ಸೀರಿಯಲ್‌ನಲ್ಲಿ ಯಾರೂ ತಪ್ಪಿ ತಮ್ಮ ಅಜ್ಜಿಯನ್ನೇ ಮದುವೆಯಾಗದಂತೆ ನೋಡಿಕೊಳ್ಳುವುದು.

ಡೈರೆಕ್ಟರ್ ಕೆಳಗಿನಿಂದ ಕೂಗಿದರು. “ಕ್ಯಾಪ್ಟನ್ ಕ್ಲೋನ್‌ಗೆ ಕ್ಯಾಪ್ಟನ್ ಮಗಳು ಏನಾಗ್ಬೇಕು?”

“ಅಣ್ಣನ ಮಗಳು ಅನ್ಬಹುದು. ಮಗಳು ಅಂದ್ರೂ ತಪ್ಪಿಲ್ಲ.”

“ಅಯ್ಯೋ, ಡ್ಯುಯೆಟ್ ಶೂಟ್ ಆಗೋಯ್ತಲ್ರೀ!”

ಸಂಜೆ ಅಕ್ಕನ ಮನೆ. ಅಕ್ಕನ ಮಗಳು — ಹೈಸ್ಕೂಲು, ನಾನಿಟ್ಟ ಹೆಸರು ಚಿನಕುರಳಿ — ಬಾಗಿಲಲ್ಲೇ ಹಿಡಿದಳು. “ಮಾಮ, ಪೈಲಟ್ ಹುಡುಗಿಯ ಅಜ್ಜಿ ಎರಡು ಸಲ ಸತ್ತಿದಾಳೆ. ಆಫೀಸಲ್ಲಿ ನಿದ್ದೆ ಮಾಡ್ತೀಯಾ?” ಆಫೀಸಿಗೆ ವಾಪಸ್ ಬಂದು ಗೋಡೆ ನೋಡಿದೆ. ನಿಜ. ಎರಡು ಸಲ.

ಮಾರ್ಚ್ 6, ಗುರುವಾರ

ಚಾನೆಲ್‌ನವರ ಹಟ: ಪೈಲಟ್ ಹುಡುಗಿಯ ಹುಟ್ಟಿನ ಗುಟ್ಟು ಬೇಕು, ಇಲ್ಲದಿದ್ದರೆ ಸೀರಿಯಲ್ ಬಂದ್. ಬರೆಯುವವರೆಲ್ಲ ಗರ ಬಡಿದವರ ಹಾಗೆ ಕೂತಿದ್ದರು. “ಮರ ನಿಮ್ದು. ನೀವೇ ಹೇಳಿ” ಅಂದರು ಡೈರೆಕ್ಟರ್.

ಹೇಳಿಬಿಟ್ಟೆ. ಅಮ್ಮ ಅಂತ ಕರೆಯುವವಳು ಸಾಕಿದವಳು. ಚಿಕ್ಕಮ್ಮ ಅಂತ ಕರೆಯುವವಳೇ ಹೆತ್ತವಳು.

“ಮುಚ್ಚಿಟ್ಟಿದ್ದು ಹೇಗೆ?” — ಬರಹಗಾರ್ತಿ.

ಕೊಂಡಿ ಕೂಡಿಸುವ ಚಟ ನನಗೆ. ಬಾಯಿ ನಿಲ್ಲಲಿಲ್ಲ. ನೌಕೆಯ ಲಿಫ್ಟ್ ಕೆಟ್ಟು ಎರಡು ಅಂತಸ್ತಿನ ನಡುವೆ ನಿಂತಿತ್ತು. ಒಳಗೆ ಅಕ್ಕ-ತಂಗಿ ಇಬ್ಬರೇ. ಹೊರಗೆ ಟಾರ್ಚ್ ಹಿಡಿದ ಸೋದರಮಾವ. ಬಾಗಿಲು ತೆಗೆದಾಗ ಮಗು ಅಕ್ಕನ ಮಡಿಲಲ್ಲಿ.

ಚಪ್ಪಾಳೆ. ಡೈರೆಕ್ಟರ್ ಬೆನ್ನು ತಟ್ಟಿದರು. ಹೋಗಿ ಮುಖ ತೊಳೆದುಕೊಂಡೆ. ಅದು ಕಥೆಯಲ್ಲ. ಆ ಟಾರ್ಚ್ ನನ್ನದು.

ಮಾರ್ಚ್ 7, ಶುಕ್ರವಾರ

ತಂಗಿಯನ್ನು ನಂಬಿಸಿದವನು ಕೈಕೊಟ್ಟಾಗ ಅಕ್ಕ ಅವಳನ್ನು ಪರವೂರಿಗೆ ಕರೆದುಕೊಂಡು ಹೋಗಿ ಜೊತೆಗೇ ಇದ್ದಳು. ಹೆರಿಗೆ ಹೊತ್ತಿಗೆ ನಾನೂ ಹೋದೆ. ವಾಪಸ್ ಬಂದಾಗ ಚಿನಕುರಳಿ ಅಕ್ಕನ ಮಗಳು. ಅಕ್ಕ, ಭಾವ, ತಂಗಿ, ನಾನು — ನಮಗಷ್ಟೇ ಗೊತ್ತು. ಹುಡುಗಿ ಕಾಲೇಜು ಸೇರಿದ ಮೇಲೆ ಅಕ್ಕ-ತಂಗಿ ಒಟ್ಟಿಗೆ ಕೂತು ಹೇಳುವುದು ಅಂತ ಮಾತಾಗಿತ್ತು.

ಲಿಫ್ಟಿನಲ್ಲಿ ಹುಟ್ಟಿದ್ದು ಅವಳಿಗೆ ಗೊತ್ತು. ಅದರ ಮೇಲೆ ಜಂಬ ಬೇರೆ. ಹುಟ್ಟಿದ ದಿನ ಬಂದರೆ ಆ ಕಥೆ ಆಗಲೇಬೇಕು. “ಅಮ್ಮ, ಚಿಕ್ಕಮ್ಮ ಒಳಗೆ, ಮಾಮ ಹೊರಗೆ!” ಅಂತ ತಾನೇ ಮುಗಿಸುತ್ತಾಳೆ. ಅಜ್ಜಿ ಎರಡು ಸಲ ಸತ್ತದ್ದನ್ನು ಹಿಡಿದವಳಿಗೆ ಇದು ಹೊಳೆಯದೇ?

“ಲಿಫ್ಟ್ ಬೇಡ, ಉಗ್ರಾಣ ಮಾಡೋಣ” ಅಂದೆ ಇವತ್ತು.

“ಸೆಟ್‌ಗೆ ಬಣ್ಣ ಹೊಡೀತಿದಾರೆ. ಸುಮ್ನಿರಿ” ಅಂದರು ಡೈರೆಕ್ಟರ್.

ದಾರದ ಉಂಡೆ ಹಿಡಿದು ಏಣಿ ಹತ್ತಿದೆ.

ಮಾರ್ಚ್ 30, ಭಾನುವಾರ

ಇಷ್ಟು ದಿನ ಬರೆಯಲು ಮುಖವಿರಲಿಲ್ಲ.

ಅಕ್ಕನ ಮನೆಯಲ್ಲಿ ಊಟ. ತಂಗಿಯೂ ಬಂದಿದ್ದಳು. ಚಿನಕುರಳಿಯ ಸ್ಕೂಲ್ ಶರ್ಟಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು.

“ಯಾಕೋ, ಮುಖ ಇಷ್ಟು ಸಪ್ಪಗಿದೆ?” ಅಂದಳು ಅಕ್ಕ.

“ಕೆಲಸ ಅಕ್ಕ.”

“ಬಿಡಕ್ಕ, ಯಾರದೋ ತಾತ ಕಳೆದೋಗಿರ್ಬೇಕು” — ತಂಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಲೇ ಹೇಳಬಹುದಿತ್ತು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಹೇಡಿ ನಾನು.

ಏಪ್ರಿಲ್ 12, ಶನಿವಾರ

ಬೆಳಗ್ಗೆಯಿಂದ ಫೋನು ಕೈಯಲ್ಲೇ ಇತ್ತು. ಮಾಡಿದ್ದು ಟೈಟಲ್ ಹಾಡು ಶುರುವಾದ ಮೇಲೆ.

“ಅಕ್ಕ, ಟಿವಿ ಆರಿಸು.”

“ತಲೆ ಕೆಟ್ಟಿದ್ಯಾ? ಇವಳು ಬೆಳಗ್ಗಿಂದ ಕಾಯ್ತಿದಾಳೆ.”

“ಇವತ್ತಿನ ಎಪಿಸೋಡಲ್ಲಿ... ನಮ್ಮ ಲಿಫ್ಟ್ ಇದೆ. ನಾನೇ ಹೇಳಿಕೊಟ್ಟೆ. ಪೂರ್ತಿ.”

ಅಕ್ಕನ ದನಿ ತಗ್ಗಿತು. “ನಿನ್ ತಂಗೀನೂ ಇಲ್ಲೇ ಕೂತಿದಾಳೆ ಕಣೋ. ಇವಳ ಪಕ್ಕದಲ್ಲೇ.”

ಅಷ್ಟರಲ್ಲಿ ಹಿಂದಿನಿಂದ ಚಿನಕುರಳಿ ಖುಷಿಯಲ್ಲಿ ಕೂಗಿದಳು: “ಅಮ್ಮಾ, ನೋಡು ಬಾ! ನಮ್ಮ ಲಿಫ್ಟು!”

ಫೋನ್ ಕಟ್ ಆಯಿತು.

ಏಪ್ರಿಲ್ 14, ಸೋಮವಾರ

ನಿನ್ನೆ ಅಕ್ಕ ಫೋನ್ ಎತ್ತಲಿಲ್ಲ. ತಂಗಿಯ ಮೆಸೇಜ್ ಒಂದೇ: “ಎಲ್ಲಾ ಹೇಳಿದ್ವಿ. ಸದ್ಯಕ್ಕೆ ನೀನು ಬರಬೇಡ.”

ಆಫೀಸಿನಲ್ಲಿ ಕೇಕ್ ಕತ್ತರಿಸಿದರು. “ಊರೆಲ್ಲ ಅತ್ತಿದೆ ಕಣ್ರೀ!” ಅಂದರು ಡೈರೆಕ್ಟರ್. ನನ್ನ ತುಂಡನ್ನು ಮೇಜಿನ ಮೇಲೇ ಬಿಟ್ಟೆ.

ಮಧ್ಯಾಹ್ನ ಏಣಿ ಮೇಲೆ ನಿಂತು ಪೈಲಟ್ ಹುಡುಗಿಯಿಂದ ಅವಳ ಚಿಕ್ಕಮ್ಮನಿಗೆ ಕೆಂಪು ದಾರ ಕಟ್ಟುತ್ತಿದ್ದೆ. ಕೆಳಗೆ ಸ್ಕೂಲ್ ಬ್ಯಾಗ್ ದೊಪ್ಪೆಂದು ಬಿದ್ದ ಸದ್ದು. ಚಿನಕುರಳಿ. ಕಣ್ಣು ಊದಿತ್ತು.

“ಇಳಿ ಮಾಮ.”

ಇಳಿದೆ.

“ಊರಿಗೆಲ್ಲ ಹೇಳಿದೆ. ನನಗೆ ಹೇಳ್ಲಿಲ್ಲ.”

“ತಪ್ಪಾಯ್ತು ಕಣೇ.”

“ಆ ಲಿಫ್ಟಿಂದು ಎಲ್ಲಾ ಕೊಟ್ಬಿಟ್ಯಾ ಇವರಿಗೆ? ಒಂದಾದ್ರೂ ಉಳಿಸಿದೀಯಾ... ನನಗೆ ಅಂತ?”

ಇತ್ತು, ಒಂದು. ಬಾಗಿಲು ಬೆರಳಷ್ಟು ಬಿಟ್ಟುಕೊಂಡಾಗ ಮಗು ಇನ್ನೂ ತಂಗಿಯ ಕೈಯಲ್ಲೇ ಇತ್ತು. ಅಕ್ಕನಿಗೆ ಕೊಡುವ ಮೊದಲು ಅದರ ಕಿವಿಯಲ್ಲಿ ಒಂದು ಮಾತು ಹೇಳಿದಳು. ನನಗೆ ಕೇಳಿಸಿತು. ಇವತ್ತಿನವರೆಗೂ ಯಾರ ಹತ್ತಿರವೂ ಆಡಿಲ್ಲ. ಏಣಿಯ ಕೊನೆ ಮೆಟ್ಟಿಲಲ್ಲಿ ಕೂತು ಅವಳಿಗೆ ಹೇಳಿದೆ.

ಕಣ್ಣೊರೆಸಿಕೊಂಡು ಗೋಡೆಯ ಕಡೆ ಬೆರಳು ತೋರಿಸಿದಳು.

“ಇದನ್ನೂ ಎಲ್ಲಾದ್ರೂ ಬರೀತೀಯಾ?”

“ಇಲ್ಲ” ಅಂದೆ.

ಬ್ಯಾಗ್ ಎತ್ತಿಕೊಂಡು ಹೊರಟಳು. ಬಾಗಿಲವರೆಗೂ ಹೋದೆ. ತಿರುಗಿ ನೋಡಲಿಲ್ಲ. ಈಗ ಇಲ್ಲಿ ಕೂತಿದ್ದೇನೆ, ಪೆನ್ನು ಕೈಯಲ್ಲಿ. ತಂಗಿ ಆವತ್ತು ಮಗುವಿನ ಕಿವಿಯಲ್ಲಿ ಹೇಳಿದ ಮಾತು — ಇಲ್ಲ, ಬರೆಯುವುದಿಲ್ಲ.